ಹ್ಯಾಂಡಲ್ ನಡುಕಕ್ಕೆ ಕಾರಣ ಹುಡುಕಿಕೊಟ್ಟ ಗ್ಯಾರೇಜ್

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ, ಒಳಗಿನ ಸಾಲಿನಲ್ಲಿ, ಎರಡು ಲೇತ್ ಅಂಗಡಿಗಳ ನಡುವೆ ಒಂದು ಸಣ್ಣ ಬೈಕ್ ಗ್ಯಾರೇಜ್ ಇದೆ. ಬೋರ್ಡ್ ಮಾಸಿ ಹೋಗಿದೆ. ಬಾಗಿಲ ಪಕ್ಕ ಹಳೆಯ ರಿಮ್‌ಗಳನ್ನು ಬಳೆ ಜೋಡಿಸಿದ ಹಾಗೆ ನೇತುಹಾಕಿದ್ದಾರೆ, ಅದೇ ಗುರುತು. ಹೆಸರು ಬರೆಯಲಾ ಅಂತ ಕೇಳಿದೆ. "ಬೇಡಮ್ಮ, ನಾವಿರೋದೇ ಇಬ್ಬರು. ಈಗ ಬರೋ ಗಾಡಿಗೇ ಟೈಮ್ ಸಾಲಲ್ಲ" ಅಂದರು ಅಲ್ಲಿನ ಮೇಸ್ತ್ರಿ. ಹಾಗಾಗಿ ಹೆಸರು ಬರೆಯುತ್ತಿಲ್ಲ. ಅಲ್ಲಿ ನಡೆದ ಕೆಲಸದ ಬಗ್ಗೆ ಮಾತ್ರ ಬರೆಯಲೇಬೇಕು ಅನ್ನಿಸಿತು.

ನನ್ನದು ಹಾಲಿನ ಸಂಘಗಳಿಗೆ ಭೇಟಿ ಕೊಡುವ ಕೆಲಸ. ಆಯನೂರು, ಕುಂಸಿ ಸುತ್ತಮುತ್ತಲಿನ ಹಳ್ಳಿಗಳಿಗೆ ವಾರದಲ್ಲಿ ಐದು ದಿನ ಹೋಗುತ್ತೇನೆ. ದಾರಿ ಅರ್ಧ ಡಾಂಬರು, ಅರ್ಧ ಮಣ್ಣು. ಸ್ಕೂಟರಿನ ಸಣ್ಣ ಚಕ್ರ ಆ ಗುಂಡಿಗಳಿಗೆ ಆಗಿಬರಲ್ಲ. ಅದಕ್ಕೇ ಸ್ಪ್ಲೆಂಡರ್ ಓಡಿಸುತ್ತೇನೆ. ಕಡ್ಡಿ ಚಕ್ರದ ಹಳೆಯ ಗಾಡಿ, ಆರು ವರ್ಷದಿಂದ ನನ್ನ ಕೈಯಲ್ಲೇ ಇದೆ. ಅದರ ಒಂದೊಂದು ಸದ್ದೂ ನನಗೆ ಗೊತ್ತು.

ಜುಲೈ ತಿಂಗಳ ಒಂದು ಸಂಜೆ, ಸಂಜೆಯ ಹಾಲು ಅಳೆದಾದ ಮೇಲೆ ವಾಪಸ್ ಬರುತ್ತಿದ್ದೆ. ಟ್ರ್ಯಾಕ್ಟರ್ ಚಕ್ರದ ಕೆಮ್ಮಣ್ಣು ತಿರುವಿನ ತುಂಬಾ ಹರಡಿತ್ತು. ಸಣ್ಣಗೆ ಮಳೆ. ಒಂದು ಕರು ಅಡ್ಡ ಬಂತು, ಮುಂದಿನ ಬ್ರೇಕ್ ಹಿಡಿದೆ. ಚಕ್ರ ಜಾರಿ ಎಡಕ್ಕೆ ಬಿದ್ದೆ. ಗಾಡಿ ನನ್ನನ್ನು ಬಿಟ್ಟು ಇನ್ನೆರಡು ಮಾರು ಜಾರಿಕೊಂಡು ಹೋಗಿ ಮುಂದಿನ ಚಕ್ರ ಮೋರಿಯ ಕಲ್ಲಿಗೆ ಬಡಿಯಿತು. ಸ್ಪೀಡ್ 25 ಕೂಡ ಇರಲಿಲ್ಲ. ಮಂಡಿ ತರಚಿತು, ಫುಟ್‌ರೆಸ್ಟ್ ಮಡಚಿತು, ಕ್ಲಚ್ ಲಿವರ್ ತುದಿ ಮುರಿಯಿತು, ಅಷ್ಟೇ. ಕರುವಿಗೆ ಏನೂ ಆಗಲಿಲ್ಲ. ಗಾಡಿ ಎತ್ತಿ ನಿಲ್ಲಿಸಿದೆ, ಸ್ಟಾರ್ಟ್ ಆಯಿತು. ದೇವರು ದೊಡ್ಡವನು ಅಂದುಕೊಂಡು ನಿಧಾನಕ್ಕೆ ಮನೆಗೆ ಬಂದೆ.

ನಿಜವಾದ ಕಷ್ಟ ಶುರುವಾಗಿದ್ದು ಮರುದಿನ. ಗಾಡಿ ನೇರ ಹೋಗಬೇಕಾದರೆ ಹ್ಯಾಂಡಲ್ ಸ್ವಲ್ಪ ಬಲಕ್ಕೆ ಹಿಡಿಯಬೇಕಿತ್ತು. ಸ್ಪೀಡ್ 45ರಿಂದ 50ರ ನಡುವೆ, ಅದರಲ್ಲೂ ಆಕ್ಸಿಲೇಟರ್ ಬಿಟ್ಟಾಗ, ಹ್ಯಾಂಡಲ್ ಗಡಗಡ ನಡುಗುತ್ತಿತ್ತು. ಊರಿನ ಇನ್ನೊಂದು ಗ್ಯಾರೇಜಿಗೆ ಕೊಟ್ಟೆ. ಅಲ್ಲಿ ಗಾಡಿಯ ಮೇಲೆ ಕೂತು ಎರಡು ಸಲ ಅದುಮಿ ನೋಡಿ, ಕೋನ್ ಸೆಟ್, ಅಂದರೆ ಹ್ಯಾಂಡಲ್ ಬುಡದ ಬೇರಿಂಗ್, ಹೋಗಿದೆ ಅಂದರು. ಹೊಸ ಕೋನ್ ಸೆಟ್ ಹಾಕಿ, ಲಿವರ್, ಫುಟ್‌ರೆಸ್ಟ್ ಸರಿ ಮಾಡಿ 1,150 ರೂಪಾಯಿ ತಗೊಂಡರು. ನಡುಕ ಹೋಗಲಿಲ್ಲ. ಅದರ ಜೊತೆಗೆ ಹೊಸದೊಂದು ಸೇರಿಕೊಂಡಿತು. ಪೇಟೆಯಲ್ಲಿ ಮೆಲ್ಲಗೆ ಹೋಗುವಾಗ ಗಾಡಿ ಅತ್ತಿತ್ತ ಹಾವು ಹರಿದ ಹಾಗೆ ಹರಿಯುತ್ತಿತ್ತು. ಮತ್ತೆ ಹೋಗಿ ಹೇಳಿದರೆ, ಟೈರ್ ಬದಲಿಸಿ ನೋಡಿ ಅಂದರು. ಟೈರ್ ಹಾಕಿಸಿ ನಾಲ್ಕೇ ತಿಂಗಳಾಗಿತ್ತು! ಕೊನೆಗೆ, "ಒಂದು ಸಲ ಬಿದ್ದ ಗಾಡಿ ಹಿಂಗೇ ಮೇಡಂ, ಅಡ್ಜಸ್ಟ್ ಆಗ್ತೀರ" ಅಂದುಬಿಟ್ಟರು.

ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ಸಾಗರ ರಸ್ತೆಯಲ್ಲಿ ಹಿಂದಿನಿಂದ ಬಸ್ಸು, ಲಾರಿ ಬರುತ್ತಿರುವಾಗ ಹ್ಯಾಂಡಲ್ ನಡುಗಿದರೆ ಹೇಗಿರುತ್ತೆ ಅಂತ ಓಡಿಸುವವರಿಗೇ ಗೊತ್ತು. ಮಗಳು ಹಿಂದೆ ಕೂತರೆ ನಾನು 35 ದಾಟುತ್ತಿರಲಿಲ್ಲ. ಒಂಬತ್ತು ದಿನ ಹಾಗೇ ಓಡಿಸಿದೆ. ಹಾಗೆ ಓಡಿಸಬಾರದಿತ್ತು ಅಂತ ಈಗ ಅನ್ನಿಸುತ್ತೆ.

ಒಬ್ಬ ಹಾಲಿನ ವ್ಯಾನ್ ಡ್ರೈವರ್ ಈ ಗ್ಯಾರೇಜ್ ತೋರಿಸಿದರು. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಅಲ್ಲಿನ ಹುಡುಗ ಅವರನ್ನು ಚಾಚಾ ಅನ್ನುತ್ತಾನೆ, ನಾನೂ ಹಾಗೇ ಕರೆದೆ. ನಾನು ಗಾಡಿ ನಿಲ್ಲಿಸಿ ಕೋನ್ ಸೆಟ್ ವಿಷಯ ಹೇಳಲು ಹೋದರೆ ಕೈ ಅಡ್ಡ ಹಿಡಿದರು. "ಏನು ಹಾಕಿದ್ರು ಅಂತ ಆಮೇಲೆ ಹೇಳಮ್ಮ. ಗಾಡಿ ಏನು ಮಾಡುತ್ತೆ ಅದು ಹೇಳು ಮೊದಲು."

ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಯಾವ ಸ್ಪೀಡಿನಲ್ಲಿ ನಡುಗುತ್ತೆ? ಆಕ್ಸಿಲೇಟರ್ ಕೊಟ್ಟಾಗಲಾ, ಬಿಟ್ಟಾಗಲಾ? ಹ್ಯಾಂಡಲ್ ಮಾತ್ರ ಬೇಗ ಬೇಗ ನಡುಗುತ್ತಾ, ಇಲ್ಲಾ ಸೀಟಿನ ಸಮೇತ ಇಡೀ ಗಾಡಿ ತೂಗುತ್ತಾ? ಬ್ರೇಕ್ ಹಿಡಿದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಅನ್ನುತ್ತಾ? ಬೀಳೋಕೆ ಮುಂಚೆ ಇದ್ದದ್ದು ಯಾವುದು, ಬಿದ್ದ ಮೇಲೆ ಬಂದದ್ದು ಯಾವುದು, ರಿಪೇರಿ ಆದ ಮೇಲೆ ಬಂದದ್ದು ಯಾವುದು? ಈ ಕೊನೆಯ ಪ್ರಶ್ನೆಯನ್ನು ಅದುವರೆಗೆ ಯಾರೂ ನನಗೆ ಕೇಳಿರಲಿಲ್ಲ. ಹೇಳುತ್ತಾ ಹೋದ ಹಾಗೆ ನನಗೇ ಗೊತ್ತಾಯಿತು, ನನ್ನ ಗಾಡಿಗಿರುವುದು ಒಂದು ಕಾಯಿಲೆಯಲ್ಲ, ಮೂರು. ಸೊಟ್ಟ ಹ್ಯಾಂಡಲ್ ಒಂದು, 45ರ ನಡುಕ ಒಂದು, ನಿಧಾನಕ್ಕೆ ಹೋಗುವಾಗಿನ ಹರಿದಾಟ ಇನ್ನೊಂದು. ನಾನು ಮೂರನ್ನೂ ಸೇರಿಸಿ "ಹ್ಯಾಂಡಲ್ ಸರಿ ಇಲ್ಲ" ಅಂತ ಒಂದೇ ಮಾತಲ್ಲಿ ಹೇಳುತ್ತಿದ್ದೆ.

ಇಡೀ ಗಾಡಿ ನಿಧಾನಕ್ಕೆ ತೂಗಿದರೆ ಅವರು ಮೊದಲು ಹಿಂದಿನ ಚಕ್ರ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ನೋಡುತ್ತಾರಂತೆ. ಹ್ಯಾಂಡಲ್ ಮಾತ್ರ ಬೇಗ ಬೇಗ ಆಡಿದರೆ ಮುಂದಿನ ಭಾಗ. ನನ್ನದು ಎರಡನೆಯದು.

ಪಾನಾ ಮುಟ್ಟುವ ಮೊದಲು ಗಾಳಿ ನೋಡಿದರು. ಮುಂದೆ 25, ಹಿಂದೆ 28 ಇರಬೇಕು. ಮುಂದೆ 18 ಇತ್ತು. ನನಗೆ ನಾಚಿಕೆ ಆಯಿತು, ಯಾಕೆಂದರೆ ಬಿದ್ದ ಮೇಲೆ ನಾನೇ ಗಾಳಿ ನೋಡಿಸಿರಲಿಲ್ಲ. ಗಾಳಿ ಹಾಕಿ, ಹೆಲ್ಮೆಟ್ ಹಾಕಿಕೊಂಡು ಅವರೇ ಒಂದು ಸುತ್ತು ಓಡಿಸಿಕೊಂಡು ಬಂದರು. "ಸ್ವಲ್ಪ ಕಮ್ಮಿ ಆಗಿದೆ, ಹೋಗಿಲ್ಲ" ಅಂದರು. ಇಷ್ಟಕ್ಕೇ ಹೋಗಿದ್ದಿದ್ದರೆ ದುಡ್ಡೇ ಬೇಡ ಅಂತ ಕಳಿಸುತ್ತಿದ್ದರೇನೋ.

ಆಮೇಲೆ ದಾರ. ಗಾರೆ ಕೆಲಸದವರು ಗೋಡೆ ನೇರ ನೋಡಲು ಕಟ್ಟುವ ನೈಲಾನ್ ದಾರವನ್ನು ಹಿಂದಿನ ಚಕ್ರದ ಹಿಂಭಾಗದಿಂದ ಸುತ್ತಿ, ಎರಡೂ ಪಕ್ಕದಿಂದ ಮುಂದಿನ ಚಕ್ರದವರೆಗೆ ಬಿಗಿಯಾಗಿ ಎಳೆದರು. ಒಂದು ತುದಿ ಹುಡುಗನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹಿಂದಿನ ಟೈರಿನ ಎರಡೂ ಅಂಚಿಗೆ ದಾರ ಸುಮ್ನೆ ಸವರಬೇಕು, ಒತ್ತಬಾರದು. ಹಾಗೆ ನೋಡಿದರೆ ಹಿಂದಿನ ಚಕ್ರವೇ ತುಸು ಓರೆ! ಎಂದೋ ಪಂಕ್ಚರ್ ಹಾಕಿದವರು ಚೈನ್ ಅಡ್ಜಸ್ಟರಿನ ಗೆರೆ ಎರಡೂ ಕಡೆ ಸಮ ಇಟ್ಟಿರಲಿಲ್ಲ. ಬಿದ್ದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ಹಿಂದಿನ ಚಕ್ರದಿಂದಲೇ ದಾರ ಹಿಡಿಯೋದರಿಂದ ಅದನ್ನು ಮೊದಲು ಸರಿ ಮಾಡಿದರು. ಇಲ್ಲದಿದ್ದರೆ ಮುಂದಿನ ಲೆಕ್ಕ ಎಲ್ಲಾ ತಪ್ಪು.

ಮತ್ತೆ ದಾರ ಎಳೆದರು. ಸ್ಪ್ಲೆಂಡರಿನ ಈ ಮಾಡೆಲಿಗೆ ಮುಂದೆ ಹಿಂದೆ ಒಂದೇ ಅಳತೆ, 2.75-18 ಟೈರು. ಹಾಗಾಗಿ ನೋಡೋದು ಸುಲಭ. ದಾರ ಎರಡೂ ಕಡೆ ಮುಂದಿನ ಟೈರಿಗೆ ಸಮವಾಗಿ ತಾಗುವವರೆಗೆ ಚಕ್ರ ತಿರುಗಿಸಿ ನಿಲ್ಲಿಸಿದರು. "ಈಗ ಹ್ಯಾಂಡಲ್ ನೋಡಮ್ಮ" ಅಂದರು. ಎದ್ದು ನಿಂತು ಮೇಲಿನಿಂದ ನೋಡಿದೆ. ಚಕ್ರ ನೇರ ಇದೆ, ಹ್ಯಾಂಡಲ್ ಮಾತ್ರ ಬಲಕ್ಕೆ ತಿರುಗಿ ಕೂತಿದೆ. ಒಂಬತ್ತು ದಿನ ನನ್ನ ಕೈಗೆ ತಿಳಿಯುತ್ತಿದ್ದದ್ದು ಅವತ್ತು ಕಣ್ಣಿಗೆ ಕಂಡಿತು.

ಚಕ್ರ ಒಂದು ಪಕ್ಕಕ್ಕೆ ಬಡಿದಾಗ ಫೋರ್ಕ್ ಪೈಪುಗಳು, ಅಂದರೆ ಚಕ್ರವನ್ನು ಎರಡೂ ಪಕ್ಕ ಹಿಡಿದಿರುವ ಕಾಲುಗಳು, ಟೀಯ ಹಿಡಿತದಲ್ಲೇ ತಿರುಚಿಕೊಳ್ಳುತ್ತವೆ. ಟೀ ಅಂದರೆ ಎರಡು ಪೈಪನ್ನೂ ಹಿಡಿದಿಟ್ಟು, ಚಾಸಿಯ ಕತ್ತಿನೊಳಗೆ ತಿರುಗುವ ಭಾಗ. ಪೈಪ್ ಬಾಗಿರಲೇಬೇಕು ಅಂತಿಲ್ಲ. ಬರೀ ತಿರುಚಿದ್ದರೆ ಆಕ್ಸಲ್, ಮಡ್‌ಗಾರ್ಡ್ ಬೋಲ್ಟ್, ಟೀ ಬೋಲ್ಟ್ ಎಲ್ಲಾ ಸಡಿಲ ಮಾಡಿ, ಚಕ್ರವನ್ನು ಎರಡು ಮಂಡಿಯ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ ನೇರ ಮಾಡಿ, ಮತ್ತೆ ಬಿಗಿ ಮಾಡಿದರೆ ಮುಗೀತು. ಪಾರ್ಟ್ಸ್ ಖರ್ಚೇ ಇಲ್ಲ. ಸಣ್ಣಪುಟ್ಟದಾಗಿ ಬಿದ್ದ ಎಷ್ಟೋ ಗಾಡಿ ಇಷ್ಟರಲ್ಲೇ ಸರಿಹೋಗುತ್ತವಂತೆ.

ನನ್ನ ಗಾಡಿ ಇಷ್ಟರಲ್ಲೇ ಮುಗಿಯಲಿಲ್ಲ. ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಮೇಲೆತ್ತಿದರು. ಚಾಚಾ ಹ್ಯಾಂಡಲನ್ನು ಒಂದು ಬೆರಳಲ್ಲಿ ತಳ್ಳಿದರು. ಅರ್ಧಕ್ಕೇ ನಿಂತುಬಿಟ್ಟಿತು. "ನೋಡು, ತಾನಾಗೇ ಬೀಳಬೇಕು ಇದು, ಆ ಕಡೆ ಈ ಕಡೆ. ಕತ್ತು ಹಿಸುಕಿದ ಹಾಗೆ ಟೈಟ್ ಮಾಡಿದ್ದಾರೆ." ಪೇಟೆಯಲ್ಲಿ ಹಾವಿನ ಹಾಗೆ ಹರಿದದ್ದು ಇದಕ್ಕೇ. ನಿಧಾನಕ್ಕೆ ಹೋಗುವಾಗ ಮುಂದಿನ ಚಕ್ರ ಚೂರು ಚೂರೇ ತಿರುಗಿ ತಾನೇ ಸಮತೋಲ ಹುಡುಕುತ್ತಿರುತ್ತೆ. ಕೋನ್ ಬಿಗಿ ಆದರೆ ಆ ತಿರುಗಾಟಕ್ಕೆ ತಡೆ ಬೀಳುತ್ತೆ. ಆಗ ನಾವು ಕೈಯಲ್ಲಿ ತಳ್ಳುತ್ತೇವೆ, ಜಾಸ್ತಿ ಆಗುತ್ತೆ, ವಾಪಸ್ ಎಳೆಯುತ್ತೇವೆ. ಕೋನ್ ಸಡಿಲ ಆದರೆ ಬೇರೆ ಲಕ್ಷಣ. ಚಕ್ರ ಮೇಲೆತ್ತಿ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದರೆ ಟಕ್ ಟಕ್ ಅನ್ನುತ್ತೆ. ನೇರ ಹಿಡಿದಾಗ ಮಧ್ಯದಲ್ಲಿ ಗುಳಿಯೊಳಗೆ ಕೂತ ಹಾಗೆ ಕಚ್ಚಿದರೆ ಮಾತ್ರ ಬಾಲ್ ರೇಸ್, ಅಂದರೆ ಬೇರಿಂಗ್ ಗುಂಡು ಓಡುವ ಬಳೆ, ತಿಂದುಹೋಗಿದೆ ಅಂತ. ಹಳೆಯ ಕೋನ್ ಸೆಟ್ ನನ್ನ ಬ್ಯಾಗಲ್ಲೇ ಇತ್ತು. ಅದನ್ನು ತಿರುಗಿಸಿ ನೋಡಿ, ಉಗುರಲ್ಲಿ ಕೆರೆದು, ಏನೂ ಹೇಳದೆ ವಾಪಸ್ ಕೊಟ್ಟರು. ನಾನೂ ಉಗುರು ಹಾಕಿ ನೋಡಿದೆ. ಒಂದು ಗುಳಿಯೂ ಸಿಗಲಿಲ್ಲ.

ನಡುಕ ಎಲ್ಲಿಂದ ಅಂತ ಹುಡುಕಲು ಜಾಸ್ತಿ ಹೊತ್ತು ಹಿಡಿಯಿತು. ಒಂದು ಸ್ಕ್ರೂಡ್ರೈವರನ್ನು ಫೋರ್ಕಿಗೆ ಒತ್ತಿ ಹಿಡಿದು, ತುದಿ ರಿಮ್ಮಿಗೆ ತಾಗುವ ಹಾಗೆ ಇಟ್ಟು ಚಕ್ರ ತಿರುಗಿಸಿದರು. ಒಂದು ಜಾಗ ಬಂದಾಗ ಕಿರ್ ಅಂತ ಉಜ್ಜಿತು, ಉಳಿದ ಕಡೆ ಬೆಳಕು ಕಾಣುವಷ್ಟು ಸಂದು. ಹೆಚ್ಚುಕಮ್ಮಿ 3 ಮಿಲಿಮೀಟರ್ ಓಲಾಟ. 2ರವರೆಗೆ ನಡೆಯುತ್ತೆ. ಕಡ್ಡಿಗಳನ್ನು ಒಂದೊಂದಾಗಿ ಪಾನಾದಿಂದ ಮೆಲ್ಲಗೆ ತಟ್ಟುತ್ತಾ ಹೋದರು. ಟಿಣ್, ಟಿಣ್, ಟಿಣ್, ಆಮೇಲೆ ಒಂದು ಕಡೆ ಟಪ್ ಅಂತ ಸತ್ತ ಸದ್ದು. ಎರಡು ಕಡ್ಡಿ ಸಡಿಲ. ಸರಿಯಾಗಿ ಮೋರಿ ಕಲ್ಲಿನ ಗೀರು ಇದ್ದ ಜಾಗದಲ್ಲೇ! ಹುಡುಗ ಆ ಚಕ್ರದ ಮುಂದೆ ಮುಕ್ಕಾಲು ಗಂಟೆ ಕೂತು ಕಡ್ಡಿ ಬಿಗಿ ಮಾಡಿ ಓಲಾಟವನ್ನು ಒಂದು ಮಿಲಿಮೀಟರಿನ ಒಳಗೆ ತಂದ.

ಇಷ್ಟು ಸಾಕಲ್ವಾ ಅಂತ ಕೇಳಿದೆ. ಚಾಚಾ ತಲೆ ಅಲ್ಲಾಡಿಸಿದರು. ಮುಂಚೆ ಮುಂದಿನ ಶಾಕ್ಸ್ ಅದುಮಿ ಬಿಟ್ಟಾಗ ಅದು ಒಂದೇ ಉಸಿರಿಗೆ ಮೇಲೆ ಬಂದಿರಲಿಲ್ಲ, ನಡುವೆ ಒಂದು ಕ್ಷಣ ತಡೆದು ಬಂದಿತ್ತು. ನಾನು ನೋಡಿಯೂ ಇರಲಿಲ್ಲ, ಅವರು ಮರೆತಿರಲಿಲ್ಲ. ಚಕ್ರ, ಮಡ್‌ಗಾರ್ಡ್ ಬಿಚ್ಚಿ, ಟೀ ಬೋಲ್ಟ್ ಸಡಿಲ ಮಾಡಿ, ಬಲಗಡೆ ಪೈಪನ್ನು ಕೈಯಲ್ಲಿ ಸುತ್ತು ತಿರುಗಿಸಿದರು. ಎರಡು ಪೈಪಿನ ನಡುವಿನ ಅಂತರ ಬದಲಾಗಲಿಲ್ಲ. ಎಡಗಡೆಯದನ್ನು ತಿರುಗಿಸಿದರೆ ಕೆಳತುದಿ ಹತ್ತಿರ ಬಂತು, ದೂರ ಹೋಯಿತು. ಬಾಗಿದೆ.

ಎಷ್ಟು ಬಾಗಿದೆ ಅಂತ ನೋಡಿದ್ದನ್ನು ನಾನು ಮರೆಯಲ್ಲ. ಬೀರುವಿನಿಂದ ಹಳೆಯ ಬನಿಯನ್ ಬಟ್ಟೆಯ ಗಂಟೊಂದನ್ನು ತಂದರು. ಕೈ ಒರೆಸಿಕೊಂಡು ಬಿಚ್ಚಿದರು. ಒಳಗೆ ಗಡಿಯಾರದ ಹಾಗಿರುವ ಡಯಲ್ ಗೇಜ್. ಆ ಗ್ಯಾರೇಜಿನಲ್ಲಿ ಎಣ್ಣೆ ಜಿಡ್ಡು ಇಲ್ಲದ ವಸ್ತು ಅದೊಂದೇ ಇರಬೇಕು. ಪಕ್ಕದ ಲೇತ್ ಅಂಗಡಿಯ ವಿ ಬ್ಲಾಕ್ (ವಿ ಆಕಾರದ ಕಚ್ಚಿರುವ ಕಬ್ಬಿಣದ ತುಂಡು) ಮೇಲೆ ಪೈಪ್ ಮಲಗಿಸಿ, ಮಧ್ಯಕ್ಕೆ ಗೇಜಿನ ಮೊನೆ ತಾಗಿಸಿ ಮೆಲ್ಲಗೆ ಉರುಳಿಸಿದರು. ಮುಳ್ಳು ಹೋಗಿ ಬಂತು. ಒಟ್ಟು 1 ಮಿಲಿಮೀಟರ್. "ಮುಳ್ಳು ತೋರಿಸಿದ್ದರಲ್ಲಿ ಅರ್ಧ ಬೆಂಡು. ಅಂದ್ರೆ ಅರ್ಧ ಮಿಲಿಮೀಟರ್. 0.2ಕ್ಕಿಂತ ಜಾಸ್ತಿ ಇರಬಾರದು." ಬಲಗಡೆ ಪೈಪನ್ನೂ ಉರುಳಿಸಿದರು, ಮುಳ್ಳು ಅಲುಗಿದ್ದೇ ಕಷ್ಟ. ಆಕ್ಸಲನ್ನೂ ಹಾಗೇ ನೋಡಿದರು, ಚೆನ್ನಾಗಿತ್ತು. ಟಾರ್ಚ್ ಹಿಡಿದು ಚಾಸಿಯ ಕತ್ತಿನ ವೆಲ್ಡಿಂಗ್ ಸುತ್ತ ಪೇಂಟ್ ಸುಕ್ಕಾಗಿದೆಯಾ, ಬಿರುಕು ಬಿಟ್ಟಿದೆಯಾ ಅಂತ ನೋಡಿದರು. ಅಲ್ಲಿ ಪೆಟ್ಟು ಬಿದ್ದಿದ್ದರೆ ಅವರು ಕೈ ಹಾಕುತ್ತಿರಲಿಲ್ಲವಂತೆ.

ಪೈಪ್ ಪ್ರೆಸ್ಸಿನಲ್ಲಿ ನೇರ ಮಾಡಿಸಿದರೆ ಆಗಲ್ವಾ ಅಂತ ನಾನೇ ಕೇಳಿದೆ, ದುಡ್ಡು ಉಳಿಯಲಿ ಅಂತ. ಪಕ್ಕದ ಲೇತಿನಲ್ಲಿ ಮಾಡಿಕೊಡುತ್ತಾರೆ, ಕಮ್ಮಿ ಖರ್ಚು. "ಮಾಡಿಸಬಹುದು. ನನ್ನ ಮಗಳ ಗಾಡಿಯಾದರೆ ನಾನು ಮಾಡಿಸಲ್ಲ" ಅಂದರು. ಹೊಸ ಪೈಪ್ ಹಾಕಿಸಿದೆ, ಎಡಗಡೆಯದು ಒಂದೇ. ಎರಡನ್ನೂ ಬದಲಿಸಿ ಅಂತ ಅವರು ಹೇಳಲೇ ಇಲ್ಲ.

ಜೋಡಿಸುವಾಗಲೂ ಅವಸರ ಮಾಡಲಿಲ್ಲ. ಎರಡು ಪೈಪಿನ ಮೇಲೆ ಕಿಟಕಿ ಗಾಜಿನ ಒಂದು ತುಂಡನ್ನು ಅಡ್ಡ ಇಟ್ಟು, ಮೂಲೆಗಳನ್ನು ಬೆರಳಿಂದ ಒತ್ತಿದರು. ಗಾಜು ಟಕ್ ಅಂತ ಆಡಿದರೆ ಪೈಪುಗಳು ಒಂದೇ ಮಟ್ಟದಲ್ಲಿಲ್ಲ ಅಂತ ಅರ್ಥ. ನನ್ನ ಕೈಯಲ್ಲೂ ಒತ್ತಿಸಿದರು. ಮೊದಲು ಆಡಿತು, ಟೀಯಲ್ಲಿ ಪೈಪ್ ಸರಿಪಡಿಸಿದ ಮೇಲೆ ಅಂಟಿಸಿದ ಹಾಗೆ ಕೂತಿತು. ಕೋನ್ ಬಿಚ್ಚಿ ನೋಡಿದರು, ಬಿಗಿ ಮಾಡಿದ್ದರೂ ರೇಸ್ ಹಾಳಾಗಿರಲಿಲ್ಲ. ಗ್ರೀಸ್ ಹಾಕಿ ಅದನ್ನೇ ಮತ್ತೆ ಕೂರಿಸಿದರು. ಚಕ್ರ ಹಾಕಿ, ಮುಂದಿನ ಬ್ರೇಕ್ ಹಿಡಿದು ಶಾಕ್ಸನ್ನು ನಾಲ್ಕೈದು ಸಲ ಜೋರಾಗಿ ಅದುಮಿ, ಎಲ್ಲಾ ತಮ್ಮ ತಮ್ಮ ಜಾಗದಲ್ಲಿ ಕೂತ ಮೇಲೆ ಆಕ್ಸಲ್ ನಟ್ ಕೊನೆಯ ಬಿಗಿ ಮಾಡಿದರು. ಆ ಕ್ರಮ ತಪ್ಪಿದರೆ ಹೊಸ ಪೈಪೂ ಎಳೆತದಲ್ಲೇ ಇರುತ್ತಂತೆ.

ಬಿಲ್ ಹೀಗಿತ್ತು. ಪೈಪ್ 780, ಆಯಿಲ್ ಸೀಲ್ ಜೋಡಿ 160, ಫೋರ್ಕ್ ಆಯಿಲ್ 180, ಕಡ್ಡಿ ಬಿಗಿ ಮಾಡಿದ್ದಕ್ಕೆ 150, ಕೂಲಿ 700. ಒಟ್ಟು 1,970. ಒಂದೂವರೆ ದಿನ ಇಬ್ಬರು ಮಾಡಿದ ಕೆಲಸಕ್ಕೆ ಇದು ಜಾಸ್ತಿ ಅಲ್ಲ. ಬಾಗಿದ ಪೈಪನ್ನು ಪೇಪರಿನಲ್ಲಿ ಸುತ್ತಿ ನನಗೇ ಕೊಟ್ಟರು.

ಮರುದಿನ ಸಂಜೆ ಅದೇ ಸಾಗರ ರಸ್ತೆಗೆ ತಗೊಂಡು ಹೋದೆ. 40, 45, 50. ಆಕ್ಸಿಲೇಟರ್ ಬಿಟ್ಟೆ. ಏನೂ ಇಲ್ಲ. ಹ್ಯಾಂಡಲ್ ಸುಮ್ಮನೆ ಕೈಯಲ್ಲಿ ಕೂತಿತ್ತು. ಆಯನೂರಿನಲ್ಲಿ ಗಾಡಿ ನಿಲ್ಲಿಸಿ ಒಂದು ಟೀ ಕುಡಿದೆ. ಭುಜ ಎರಡೂ ಹಗುರ ಆಗಿತ್ತು. ಅಷ್ಟು ದಿನ ಎಷ್ಟು ಬಿಗಿ ಹಿಡಿದುಕೊಂಡು ಓಡಿಸುತ್ತಿದ್ದೆ ಅಂತ ಆಗ ಗೊತ್ತಾಯಿತು.

ಇಲ್ಲಿ ಇಷ್ಟವಾಗದ್ದೂ ಇದೆ. ಸಂಜೆ ಕೊಡುತ್ತೇನೆ ಅಂದ ಗಾಡಿ ಸಿಕ್ಕಿದ್ದು ಮರುದಿನ ಸಂಜೆ. ಪೈಪ್ ತರಿಸಬೇಕಿತ್ತು ಸರಿ, ಆದರೆ ಒಂದು ಫೋನ್ ಮಾಡಿ ಹೇಳಬಹುದಿತ್ತು. ಫೋನ್ ಮಾಡಿದರೂ ಎತ್ತಲ್ಲ. ಕೂರೋಕೆ ಒಂದು ಸ್ಟೂಲ್ ಬಿಟ್ಟರೆ ಜಾಗ ಇಲ್ಲ, ಹೆಂಗಸರಿಗೆ ಟಾಯ್ಲೆಟ್ ವ್ಯವಸ್ಥೆ ಹತ್ತಿರದಲ್ಲಿ ಎಲ್ಲೂ ಇಲ್ಲ. ಇದನ್ನು ಚಾಚಾಗೂ ಹೇಳಿದೆ. ಸಾಲಿನವರೆಲ್ಲಾ ಸೇರಿ ಏನಾದರೂ ಮಾಡಬೇಕು ಅಂತ ಒಪ್ಪಿಕೊಂಡರು. ಗಾಡಿ ಬಿಟ್ಟು ಹೋಗುವುದಾದರೆ ತೊಂದರೆಯಿಲ್ಲ. ನಿಂತು ಕೆಲಸ ನೋಡುವ ಆಸೆ ಇದ್ದರೆ ನೀರು, ಊಟ ತಗೊಂಡು ಹೋಗಿ.

ನಿಮ್ಮ ಗಾಡಿಯೂ ಬಿದ್ದು ಹೀಗೆ ನಡುಗುತ್ತಿದ್ದರೆ, ಪರೀಕ್ಷೆ ಮಾಡೋಕೆ ಅಂತ ಕೈ ಬಿಟ್ಟು ಓಡಿಸಬೇಡಿ. ನಾನು ಒಂದು ಸಲ ಹಾಗೆ ಮಾಡಿದೆ ಅಂದಾಗ ಚಾಚಾ ನಿಜವಾಗಿಯೂ ಬೈದರು. ಓಡುವಾಗ ನಡುಕ ಬಂದರೆ ಹ್ಯಾಂಡಲ್ ಗಟ್ಟಿ ಹಿಸುಕಬಾರದು, ತಟ್ಟನೆ ಬ್ರೇಕ್ ಹಿಡಿಯಬಾರದು. ಟ್ಯಾಂಕನ್ನು ಮಂಡಿಯಲ್ಲಿ ಒತ್ತಿ ಹಿಡಿದು, ಆಕ್ಸಿಲೇಟರ್ ಮೆಲ್ಲಗೆ ಇಳಿಸುತ್ತಾ ಬರಬೇಕು.

ಹೊಸ ಕೋನ್ ಸ್ವಲ್ಪ ಕೂರುತ್ತೆ, ಇನ್ನೂರು ಕಿಲೋಮೀಟರ್ ಆದ ಮೇಲೆ ಬಾ ಅಂದಿದ್ದರು. ನನಗೆ ಇನ್ನೂರು ಕಿಲೋಮೀಟರ್ ಅಂದರೆ ನಾಲ್ಕು ದಿನ. ಹೋದೆ. ಅದೇ ಮರದ ತುಂಡು, ಅದೇ ಒಂದು ಬೆರಳು. ಫೋರ್ಕ್ ಹಿಡಿದು ಎಳೆದಾಗ ಕೇಳಿಯೂ ಕೇಳದ ಹಾಗೆ ಟಕ್ ಅಂದಿತು. ನಟ್ಟನ್ನು ಒಂದು ಚೂರು ತಿರುಗಿಸಿ, ಮತ್ತೆ ಬೆರಳಲ್ಲಿ ತಳ್ಳಿದರು. ಹ್ಯಾಂಡಲ್ ತಾನಾಗೇ ಪೂರ್ತಿ ಎಡಕ್ಕೆ ಬಿತ್ತು, ಪೂರ್ತಿ ಬಲಕ್ಕೆ ಬಿತ್ತು. ದುಡ್ಡು ತಗೊಳ್ಳಲಿಲ್ಲ. ಬೆಳಿಗ್ಗೆ ಹತ್ತರ ಒಳಗೆ ಹೋದರೆ ಅವರು ಬಿಡುವಾಗಿ ಸಿಗುತ್ತಾರೆ. ಭಾನುವಾರ ರಜೆ.